ಕೊನೆಯ ಓವರ್ ಯಾರಿಗೆ ಕೊಡಬೇಕಿತ್ತು?



ಇಂದಿನ ಧಮ್ಮ ಚಿಂತನೆ: ಸಮ್ಯಕ್ ವಾಚಾ

ಉಪಾಸಕ, ಉಪಾಸಿಕೆಯರೇ, ಈ ವಾರ ಬರೆಯುವ ಪಾಳಿ ನನ್ನದು. ಪುಸ್ತಕ ಮುಂದಿಟ್ಟುಕೊಂಡು ಬರೆಯೋಣ ಅಂದುಕೊಂಡಿದ್ದೆ. ಆದರೆ ಕಳೆದ ತಿಂಗಳು ನಾನು ಇನ್ನೊಂದು ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಅದನ್ನು ಮುಚ್ಚಿಟ್ಟು ಒಳ್ಳೆಯ ಮಾತಿನ ಬಗ್ಗೆ ಪಾಠ ಬರೆದರೆ ನೀವು ನಗುತ್ತೀರಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಏಪ್ರಿಲ್‌ನಲ್ಲಿ ನಮ್ಮ ಓಣಿಯ ಹುಡುಗರು ಟೆನಿಸ್ ಬಾಲ್ ಪಂದ್ಯಾವಳಿಯ ಫೈನಲ್ ಸೋತರು. ಎದುರಿನವರಿಗೆ ಕೊನೆಯ ಓವರಿನಲ್ಲಿ 11 ರನ್ ಬೇಕಿತ್ತು. ವರ್ಷವೆಲ್ಲ ಕೊನೆಯ ಓವರ್ ಹಾಕುವವನು ಬೌಂಡರಿ ಹತ್ತಿರ ನಿಂತಿದ್ದ. ಹುಡುಗರಿಗೆ ಆಟ ಕಲಿಸುವ ಕಾಕಾ ಬಾಲನ್ನು ಹದಿನೇಳರ ಒಬ್ಬ ಹುಡುಗನಿಗೆ ಕೊಡಿಸಿದರು. ಕೊನೆಯ ಚೆಂಡಿಗೆ ಫೋರ್ ಹೋಯಿತು, ಸೋತೆವು. ಆ ರಾತ್ರಿ ನಾನು ಗ್ರೂಪಿನಲ್ಲಿ ಎರಡು ನಿಮಿಷ ಮಾತಾಡಿದೆ. ಕಾಕಾಗೆ ತಲೆ ಇಲ್ಲ, ಇವರ ಕೈಯಲ್ಲಿ ಟೀಮ್ ಕೊಟ್ಟರೆ ಉದ್ಧಾರ ಆಗುವುದಿಲ್ಲ ಎಂದೆ. ಇಪ್ಪತ್ತು ಜನ ಹೆಬ್ಬೆರಳು ಒತ್ತಿದರು. ನನಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸೋತ ಮೇಲೆ ತಪ್ಪು ಹುಡುಕುವುದು ನಮಗೆ ಹೊಸದಲ್ಲ. 2016ರ ಮೇ 29 ನಿಮಗೆ ನೆನಪಿರಬೇಕು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಐಪಿಎಲ್ ಫೈನಲ್, ಆರ್‌ಸಿಬಿ ಎದುರಿಗೆ ಸನ್‌ರೈಸರ್ಸ್ ಹೈದರಾಬಾದ್. ಇಲ್ಲಿ ಕೋಡ್ಲಾದಲ್ಲಿ ಹೋಟೆಲಿನ ಟಿವಿ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಹೈದರಾಬಾದ್ 208 ಹೊಡೆಯಿತು. ಅವರ ಇಪ್ಪತ್ತನೇ ಓವರನ್ನು ಶೇನ್ ವಾಟ್ಸನ್ ಹಾಕಿದ, 24 ರನ್ ಹೋಯಿತು. ಬೆನ್ ಕಟಿಂಗ್ 15 ಚೆಂಡಿಗೆ 39 ಮಾಡಿ ಔಟಾಗದೆ ಉಳಿದ. ನಾವು 200ಕ್ಕೆ ನಿಂತೆವು. 8 ರನ್ನಿನ ಸೋಲು.

ಆ ರಾತ್ರಿಯಿಂದಲೇ ಶುರುವಾಯಿತು. ಕೊಹ್ಲಿ ವಾಟ್ಸನ್‌ಗೆ ಯಾಕೆ ಕೊಟ್ಟ? ಕೋಚ್ ವೆಟ್ಟೋರಿ ಏನು ಮಾಡುತ್ತಿದ್ದ? ಚಾ ಕುಡಿಯುತ್ತ, ಸೇಡಂ ಬಸ್ಸಿನಲ್ಲಿ ನಿಂತು, ಮದುವೆ ಊಟದ ಪಂಕ್ತಿಯಲ್ಲಿ ಕೂತು, ವರ್ಷಗಟ್ಟಲೆ ಅದೇ ಮಾತು. ಆ ಸೀಸನ್‌ನಲ್ಲಿ ವಾಟ್ಸನ್ 20 ವಿಕೆಟ್ ತೆಗೆದಿದ್ದ ಎನ್ನುವುದನ್ನು ಯಾರೂ ಎತ್ತಲಿಲ್ಲ. ನಮ್ಮ ಮೊದಲ ವಿಕೆಟ್ ಬಿದ್ದಾಗ ಸ್ಕೋರು 114 ಆಗಿತ್ತು, 57 ಚೆಂಡಿನಲ್ಲಿ 95 ಸಾಕಿತ್ತು, ಅಷ್ಟು ಬ್ಯಾಟ್ಸ್‌ಮನ್‌ಗಳಿದ್ದೂ ಆಗಲಿಲ್ಲ ಎನ್ನುವುದೂ ಮರೆತೇ ಹೋಯಿತು. ಸೋಲಿಗೆ ಹತ್ತು ಕಾರಣ ಇದ್ದರೆ ತಲೆ ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯ ಬೇಕು. ಇನ್ನು ಕೆಲವರು ಆರ್‌ಸಿಬಿ ಹಣೆಬರಹವೇ ಅಷ್ಟು ಎಂದು ಕೈತೊಳೆದುಕೊಂಡರು. ಹಣೆಬರಹದ ಮಾತನ್ನು ಬಾಬಾಸಾಹೇಬರ ಜೊತೆ 1956ರಲ್ಲಿ ನಮ್ಮ ಹಿರಿಯರು ನಾಗಪುರದಲ್ಲೇ ಬಿಟ್ಟು ಬಂದರು, ನಾವು ಕ್ರಿಕೆಟ್ಟಿಗೆ ಮಾತ್ರ ವಾಪಸ್ ತಂದುಕೊಂಡಿದ್ದೇವೆ.

ಈಗ 2025ರ ಜೂನ್ 3ಕ್ಕೆ ಬನ್ನಿ. ಅಹಮದಾಬಾದಿನ ಫೈನಲ್. ಆರ್‌ಸಿಬಿ 190, ಪಂಜಾಬ್‌ಗೆ ಕೊನೆಯ ಓವರಿನಲ್ಲಿ 29 ಬೇಕು. ಹೇಜಲ್‌ವುಡ್ ಕೈಗೆ ಬಾಲ್. ಮೊದಲ ಎರಡು ಚೆಂಡಿಗೆ ರನ್ ಇಲ್ಲ, ಆಮೇಲೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್ ಹೊಡೆದ. ಒಟ್ಟು 22 ಹೋಯಿತು. ನಾವು 6 ರನ್ನಿಂದ ಗೆದ್ದೆವು, ಹದಿನೆಂಟು ವರ್ಷದ ಕಾಯುವಿಕೆ ಮುಗಿಯಿತು. (ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ದುಃಖ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.) ವಾಟ್ಸನ್ ಕೊಟ್ಟಿದ್ದು 24, ಹೇಜಲ್‌ವುಡ್ ಕೊಟ್ಟಿದ್ದು 22. ಎರಡು ರನ್ನಿನ ವ್ಯತ್ಯಾಸ. ಒಬ್ಬನಿಗೆ ಒಂಬತ್ತು ವರ್ಷ ಬೈಗುಳ. ಇನ್ನೊಬ್ಬನ ಆ ಓವರ್ ಯಾರಿಗಾದರೂ ನೆನಪಿದೆಯೇ? ಪಾಟೀದಾರ್ ಅವನಿಗೆ ಯಾಕೆ ಬಾಲ್ ಕೊಟ್ಟ ಎಂದು ನಾನಂತೂ ಕೇಳಲಿಲ್ಲ, ಪಟಾಕಿ ಹಚ್ಚುವುದರಲ್ಲಿದ್ದೆ.

ಅಂದರೆ ನಾವು ನಿರ್ಧಾರವನ್ನು ತೂಗುವುದಿಲ್ಲ, ಫಲವನ್ನು ತೂಗುತ್ತೇವೆ. ಭಗವಾನ್ ಬುದ್ಧರು ಕಮ್ಮ ಎಂದರೆ ಚೇತನಾ ಎಂದರು. ಮಾಡುವವನ ಉದ್ದೇಶ ಏನು, ಆ ಹೊತ್ತಿಗೆ ಅವನಿಗೆ ಏನು ತಿಳಿದಿತ್ತು, ಅದನ್ನು ನೋಡದೆ ಕೊನೆಯ ಚೆಂಡು ಎಲ್ಲಿ ಬಿತ್ತು ಎಂದಷ್ಟೇ ನೋಡುವವನು ಧಮ್ಮದ ಕಣ್ಣಿಂದ ನೋಡುತ್ತಿಲ್ಲ.

ಇದನ್ನು ಹೇಳುವಾಗ ನನಗೆ ನಮ್ಮ ಸನ್ನತಿ ನೆನಪಾಗುತ್ತದೆ. ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲೆ. ನಮ್ಮಲ್ಲಿ ಬಹಳ ಜನ ಕನಗನಹಳ್ಳಿಯ ಸ್ತೂಪ ನೋಡಿ, ಅಶೋಕನ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಶಾಸನದ ಕಲ್ಲಿನ ಬಗ್ಗೆ ಅಷ್ಟು ಕೇಳುವುದಿಲ್ಲ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರ ಕಂಡವು. ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಗೊತ್ತಿದ್ದ ಎರಡು ಪ್ರತ್ಯೇಕ ಶಾಸನಗಳು ನಮ್ಮ ನೆಲದಲ್ಲೂ ಇದ್ದವು.

ಅದರಲ್ಲಿ ಮೊದಲನೆಯದು ನ್ಯಾಯ ಹೇಳುವ ಅಧಿಕಾರಿಗಳಿಗೆ ಬರೆದದ್ದು. ಕೆಲವು ಸಲ ಕಾರಣವಿಲ್ಲದೆ ಮನುಷ್ಯ ಸೆರೆಗೆ ಹೋಗುತ್ತಾನೆ, ಹಿಂಸೆ ಅನುಭವಿಸುತ್ತಾನೆ, ಅದನ್ನು ನೋಡಿ ಬೇರೆಯವರೂ ನೋಯುತ್ತಾರೆ, ಆದ್ದರಿಂದ ನೀವು ನಡುವಿನ ದಾರಿಯಲ್ಲಿ ನಡೆಯಬೇಕು ಎಂಬುದು ಅದರ ಅರ್ಥ. ಹಾಗೆ ನಡೆಯಲು ಬಿಡದ ಗುಣಗಳನ್ನೂ ಅಶೋಕ ಎಣಿಸುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸ ಇಲ್ಲದಿರುವುದು, ಸೋಮಾರಿತನ, ದಣಿವು. ಅವಸರವನ್ನೂ ದಣಿವನ್ನೂ ಆ ಪಟ್ಟಿಗೆ ಸೇರಿಸಿದ ದೊರೆ ಜನರನ್ನು ಹತ್ತಿರದಿಂದ ನೋಡಿದ್ದ ಅನ್ನಿಸುತ್ತದೆ. ನಾನು ಆ ಮೆಸೇಜ್ ಕಳಿಸಿದಾಗ ರಾತ್ರಿ ಹನ್ನೊಂದೂವರೆ. ದಿನವಿಡೀ ಬಿಸಿಲಲ್ಲಿ ಕೂಗಿ ಗಂಟಲು ಕಟ್ಟಿತ್ತು. ಸಿಟ್ಟು, ಅವಸರ, ದಣಿವು ಮೂರೂ ಇದ್ದವು. ಹೊಟ್ಟೆಕಿಚ್ಚೂ ಇತ್ತೇನೋ. ಟೀಮನ್ನು ನಾನು ನೋಡಿಕೊಳ್ಳಬೇಕು ಎಂಬ ಆಸೆ ನನಗೆ ಮೊದಲಿನಿಂದಲೂ ಇದೆ.

ಮೂರು ದಿನದ ಮೇಲೆ ಗೊತ್ತಾಯಿತು. ಕೊನೆಯ ಓವರ್ ಹಾಕಬೇಕಿದ್ದವನು ಹಿಂದಿನ ರಾತ್ರಿ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ನಿದ್ದೆ ಇಲ್ಲದೆ ಬಂದಿದ್ದ. ಅವನೇ ಕಾಕಾನ ಹತ್ತಿರ ಹೋಗಿ, "ಕೈ ಎತ್ಲಿಕ್ಕ ಆಗವಲ್ದು, ಬ್ಯಾರೆಯವರಿಗೆ ಕೊಡ್ರಿ" ಎಂದಿದ್ದ. ಕಾಕಾ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೈಗುಳವೆಲ್ಲ ಆ ಹುಡುಗನ ಮೇಲೆ ಬೀಳುತ್ತಿತ್ತು.

ಮಾತಿಗೆ ಐದು ಗುಣ ಇರಬೇಕು ಎಂದು ಬುದ್ಧರು ಹೇಳಿದ್ದನ್ನು ನಾವು ವಿಹಾರದಲ್ಲಿ ಓದಿದ್ದೇವೆ: ಸರಿಯಾದ ಹೊತ್ತಿಗೆ, ಸತ್ಯವಾಗಿ, ಮೃದುವಾಗಿ, ಉಪಯೋಗಕ್ಕೆ ಬರುವಂತೆ, ಮೈತ್ರಿಯ ಮನಸ್ಸಿನಿಂದ. ನಾನು ಸತ್ಯ ಒಂದಾದರೂ ಹೇಳಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಬಾಲ್ ಆ ಹುಡುಗನಿಗೆ ಕೊಟ್ಟಿದ್ದು ನಿಜ, ಸೋತಿದ್ದೂ ನಿಜ. ಆದರೆ ಅರ್ಧ ಗೊತ್ತಿದ್ದನ್ನು ಪೂರ್ತಿ ಗೊತ್ತಿದ್ದವನ ಧ್ವನಿಯಲ್ಲಿ ಹೇಳಿದರೆ ಅದು ಸತ್ಯದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಸುಮ್ಮನಿರಬೇಕೇ? ನಮ್ಮ ಗ್ರೂಪಿನ ಒಬ್ಬ ಅಕ್ಕ ಇದನ್ನೇ ಕೇಳಿದರು. ಸುಮ್ಮನಿರು ಎಂದು ನಮಗೆ ಹೇಳಿದವರು ಬಹಳ ಜನ, ಧಮ್ಮವೂ ಅದನ್ನೇ ಹೇಳುತ್ತದೇನು ಎಂದು. ಇಲ್ಲ ಅಕ್ಕಾ. ಪಾಲ್ವಂಕರ್ ಬಾಲೂ ಅವರನ್ನು ನೆನಪಿಸಿಕೊಳ್ಳಿ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯಲ್ಲಿ ಹಿಂದೂ ತಂಡಕ್ಕೆ ವಿಕೆಟ್ ತೆಗೆದು ಕೊಡಲು ಬಾಲೂ ಬೇಕು, ಚಾ ಮಾತ್ರ ಹೊರಗೆ ಮಣ್ಣಿನ ಕುಡಿಕೆಯಲ್ಲಿ, ಊಟ ಬೇರೆ ತಟ್ಟೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 114 ವಿಕೆಟ್ ತೆಗೆದರು. ಆದರೂ ನಾಯಕತ್ವ ಕೊಡಲಿಲ್ಲ. 1920ರಲ್ಲಿ ತಮ್ಮ ವಿಠ್ಠಲನನ್ನು ಬಿಟ್ಟು ಬೇರೆಯವರನ್ನು ನಾಯಕ ಮಾಡಿದಾಗ ವಿಠ್ಠಲ್ ಮತ್ತು ಶಿವರಾಮ್ ಆಟದಿಂದ ಹೊರಗೆ ನಿಂತು, ಇದಕ್ಕೆ ಜಾತಿ ಕಾರಣ ಎಂದು ಎಲ್ಲರ ಮುಂದೆ ಹೇಳಿದರು. 1923ರಲ್ಲಿ ವಿಠ್ಠಲ್ ನಾಯಕರಾದರು, ಆ ವರ್ಷ ತಂಡ ಗೆದ್ದಿತು. ಬಾಲೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಅದೂ ಇತಿಹಾಸ. ಅದಕ್ಕಾಗಿ ಅವರ ಬೌಲಿಂಗನ್ನೂ ಅವರು ಪಟ್ಟ ಅವಮಾನವನ್ನೂ ನಾವು ಮರೆಯಬೇಕಿಲ್ಲ.

ಆ ಅಣ್ಣತಮ್ಮಂದಿರು ಎತ್ತಿದ್ದು ನಿರ್ಧಾರದ ಪ್ರಶ್ನೆಯೇ. ಆದರೆ ಅವರು ಅದನ್ನು ಎತ್ತಿದ್ದು ಆಟಕ್ಕೆ ಮೊದಲು, ಸೋಲಿನ ಸಿಟ್ಟಿನಲ್ಲಲ್ಲ. ಅಧಿಕಾರ ಇದ್ದವರ ಮುಖಕ್ಕೇ ಕೇಳಿದರು, ತಮಗೆ ನಷ್ಟವಾಗುತ್ತದೆ ಎಂದು ಗೊತ್ತಿದ್ದೇ ಕೇಳಿದರು. ನಾನು ಹನ್ನೊಂದೂವರೆಗೆ ಹಾಸಿಗೆಯಲ್ಲಿ ಮಲಗಿ, ಉತ್ತರ ಕೊಡದ ಮನುಷ್ಯನ ಮೇಲೆ ಮಾತಾಡಿದೆ. ನನಗೆ ಏನೂ ನಷ್ಟ ಇರಲಿಲ್ಲ.

ಮೊನ್ನೆ ಕಾಕಾನ ಮನೆಗೆ ಹೋದೆ. ಅವರು ಫರಸಿ ಕಲ್ಲಿನ ಕೆಲಸ ಮುಗಿಸಿ ಬಂದಿದ್ದರು, ಮೈಮೇಲೆ ಇನ್ನೂ ಧೂಳಿತ್ತು. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆವತ್ತ ಗ್ರೌಂಡಿನಾಗ ಆ ಕಡೆಯವ್ರು ಅಂದ್ರು, ಇವ್ರಿಗಿ ತಲಿ ಎಲ್ಲದ ಅಂತ. ಅದು ಮೈಗಿ ಹತ್ತಲಿಲ್ಲ ತಮ್ಮಾ, ಹುಟ್ಟಿದಾಗಿಂದ ಕೇಳೀನಿ. ರಾತ್ರಿ ನೀನೂ ಅದೇ ಮಾತು ಅಂದಿ" ಎಂದರು.

ನಾನು ಏನೂ ಹೇಳಲಿಲ್ಲ. ಅವರು ಚಾ ತರಿಸಿದರು. ಕುಡಿದು ಏಳುವಾಗ, "ನಂದು ಬಿಡು. ಆ ಹುಡುಗ ಆಡ್ಲಿಕ್ಕ ಬರೋದು ಬಿಟ್ಟಾನ. ನಿಮ್ಮ ಮನಿ ಹಂತ್ಯಾಕೇ ಅದ ಅವನ ಮನಿ" ಎಂದರು.

ಅಲ್ಲಿಂದ ನೇರ ಅವನ ಮನೆಗೆ ಹೋದೆ. ಹುಡುಗ ಬಾಗಿಲಲ್ಲಿ ನಿಂತೇ ಮಾತಾಡಿದ, ಒಳಗೆ ಕರೆಯಲಿಲ್ಲ. ನಿನ್ನದು ತಪ್ಪಿಲ್ಲ ಎಂದೆ. "ಗೊತ್ತದ್ರಿ" ಎಂದ. ಇದನ್ನು ಗ್ರೂಪಿನಲ್ಲೂ ಹೇಳುತ್ತೇನೆ ಎಂದೆ. ನೆಲ ನೋಡುತ್ತ ನಿಂತವನು ಕೊನೆಗೆ, "ನಾಳಿ ಸಂಜಿ ಬರ್ತೀನಿ. ಆದ್ರ ನೀವೂ ಬರ್ರಿ. ನನ್ನ ಬಾಲಿಗಿ ಕೀಪಿಂಗ್ ನೀವೇ ಮಾಡ್ರಿ" ಎಂದ.

ನನಗೆ ಐವತ್ತೆರಡು, ಮೊಣಕಾಲು ನೋವು. ಇವತ್ತು ಸಂಜೆ ಐದಕ್ಕೆ ಹೋಗಬೇಕು.

ಜೈ ಭೀಮ್. ನಮೋ ಬುದ್ಧಾಯ.