ಪಚಡಿಗೆ ಉಪ್ಪು ಯಾವಾಗ? ಎಮಲ್ಷನ್ ಪಾಠದಲ್ಲಿ ನಾನು ಕಲಿತದ್ದು

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನಗೆ ಎಮ್ಮಿಗನೂರಿನ ಒಂದು ಪ್ರೌಢಶಾಲೆಯ 9ನೇ ತರಗತಿಯನ್ನು ವಹಿಸಲಾಗಿತ್ತು. ಘಟಕ: ದ್ರಾವಣ, ನಿಲಂಬನ, ಕಲಿಲ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳಲ್ಲಿ ಒಂದು ಸಣ್ಣ ಹನಿಗಳಾಗಿ ಇನ್ನೊಂದರಲ್ಲಿ ಹರಡಿಕೊಂಡಿದ್ದರೆ ಅದು ಎಮಲ್ಷನ್. ಇದನ್ನು ತೋರಿಸಲು ಸಲಾಡ್ ಡ್ರೆಸಿಂಗ್ ಒಳ್ಳೆಯ ಉದಾಹರಣೆ ಎಂದುಕೊಂಡೆ. ವಿನೆಗ್ರೆಟ್ ಎಂಬ ಡ್ರೆಸಿಂಗಿಗೆ ಸಾಮಾನ್ಯ ಅಳತೆ 3 ಭಾಗ ಎಣ್ಣೆ, 1 ಭಾಗ ವಿನೆಗರ್. ಪಾಠ ಯೋಜನೆಯಲ್ಲಿ ಇದನ್ನೇ ಬರೆದೆ. ಪೂರ್ವಜ್ಞಾನದ ಅಂಕಣದಲ್ಲಿ 'ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ' ಎಂದಷ್ಟೇ ಬರೆದಿದ್ದೆ.

ಮೊದಲ ಪಾಠ

ಸಮಯ ಉಳಿಸಲೆಂದು ತರಗತಿಗೆ ಬರುವ ಮೊದಲೇ ಸವತೆಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟಿದ್ದೆ. ಬಾಟಲಿಯಲ್ಲಿ ಎಣ್ಣೆ, ವಿನೆಗರ್ ಹಾಕಿ ಕುಲುಕಿ ತೋರಿಸಿದೆ. ಅದನ್ನು ಸವತೆಕಾಯಿಗೆ ಸುರಿಯಹೋದರೆ ತಟ್ಟೆಯ ತುಂಬ ನೀರು! ಡ್ರೆಸಿಂಗ್ ಹೋಳುಗಳಿಗೆ ಹತ್ತದೆ ಜಾರಿ ನೀರಿನ ಮೇಲೆ ತೇಲಿತು. ಮಕ್ಕಳು ನಕ್ಕರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಉಪ್ಪು ಮೊದ್ಲ ಹಾಕೀರಿ ಮೇಡಂ, ಅದಕ್ಕ ನೀರು ಬಿಟ್ಟೈತ್ರಿ. ನಮ್ಮವ್ವ ಉಣ್ಣಾಕ ಕುಂತಾಗ ಹಾಕ್ತಾಳ್ರಿ" ಎಂದಳು. ಗಾಬರಿಯಲ್ಲಿದ್ದ ನಾನು, "ಅದು ಅಡುಗೆಮನೆ ಮಾತು, ಈಗ ಎಮಲ್ಷನ್ ಬಗ್ಗೆ ಹೇಳು" ಎಂದುಬಿಟ್ಟೆ. ಅವಳು ಕುಳಿತಳು. ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: 'ತರಗತಿಯಲ್ಲಿ ಬಂದ ಏಕೈಕ ವೈಜ್ಞಾನಿಕ ಉತ್ತರವನ್ನು ಶಿಕ್ಷಕಿ ನಿರಾಕರಿಸಿದರು.' ಆ ಸಾಲು ನನಗೆ ಬಹಳ ನೋವು ಕೊಟ್ಟಿತು, ಆದರೆ ಅದು ನಿಜವಾಗಿತ್ತು. ಉಪ್ಪು ಬಿದ್ದಾಗ ಹೋಳಿನ ಹೊರಗೆ ಲವಣದ ಸಾರತೆ ಹೆಚ್ಚುತ್ತದೆ. ಜೀವಕೋಶದೊಳಗಿನ ನೀರು ಪೊರೆಯ ಮೂಲಕ ಹೊರಬರುತ್ತದೆ. ಇದು ಅದೇ ತರಗತಿಯ ಜೀವಕೋಶದ ಪಾಠದಲ್ಲಿರುವ ಅಭಿಸರಣೆ.

ಎರಡನೆಯ ಪಾಠ

ಮರುದಿನ ಆ ಹುಡುಗಿಯ ಮಾತಿನಿಂದಲೇ ಪಾಠ ಆರಂಭಿಸಿದೆ. "ನಿನ್ನೆ ನೀನು ಹೇಳಿದ್ದು ಸರಿ, ತಪ್ಪು ನನ್ನದು. ಇವತ್ತು ಅದನ್ನೇ ಪರೀಕ್ಷೆ ಮಾಡೋಣ" ಎಂದೆ. ನಿಮ್ಮ ಮನೆಯಲ್ಲಿ ಪಚಡಿಗೆ ಏನೇನು ಹಾಕುತ್ತಾರೆ ಎಂದು ಕೇಳಿದಾಗ ಕಪ್ಪುಹಲಗೆ ತುಂಬಿತು: ಶೇಂಗಾ ಪುಡಿ, ಗುರೆಳ್ಳು ಪುಡಿ, ನಿಂಬೆರಸ, ಮೊಸರು, ಹಸಿ ಎಣ್ಣೆ, ಸಾಸಿವೆ ಒಗ್ಗರಣೆ. ವಿನೆಗರ್ ಎಂದವರು ಯಾರೂ ಇಲ್ಲ. ಅದರ ಕೆಲಸವನ್ನು ಇಲ್ಲಿ ನಿಂಬೆ ಮಾಡುತ್ತದೆ: ವಿನೆಗರಿನಲ್ಲಿ ಅಸಿಟಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ.

ಚಟುವಟಿಕೆ 1: ಎರಡು ತಟ್ಟೆಗಳಲ್ಲಿ ಸಮ ಪ್ರಮಾಣದ ಸವತೆಕಾಯಿ. ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು. 15 ನಿಮಿಷದ ನಂತರ ಎರಡನ್ನೂ ಬಸಿದು ನೀರನ್ನು ಅಳತೆಪಾತ್ರೆಯಲ್ಲಿ ಹೋಲಿಸಲು ಆ ಹುಡುಗಿಯನ್ನೇ ಕರೆದೆ.

ಚಟುವಟಿಕೆ 2: ಮೂರು ಪಾರದರ್ಶಕ ಬಾಟಲಿ. ಪ್ರತಿಯೊಂದಕ್ಕೂ 3 ಚಮಚ ಶೇಂಗಾ ಎಣ್ಣೆ, 1 ಚಮಚ ನಿಂಬೆರಸ. ಎರಡನೆಯದಕ್ಕೆ ಸಾಸಿವೆ ಪುಡಿ, ಮೂರನೆಯದಕ್ಕೆ ಶೇಂಗಾ ಪುಡಿ ಸೇರಿಸಿ ಒಂದು ನಿಮಿಷ ಕುಲುಕಿದೆವು. ಮೊದಲ ಬಾಟಲಿಯಲ್ಲಿ ಎಣ್ಣೆ ಬೇಗ ಬೇರೆಯಾಗಿ ಮೇಲೆ ನಿಂತಿತು. ಇದು ತಾತ್ಕಾಲಿಕ ಎಮಲ್ಷನ್. ಎರಡನೆಯದು ಹೆಚ್ಚು ಹೊತ್ತು ಮಬ್ಬಾಗಿಯೇ ಇತ್ತು. ಸಾಸಿವೆ ಸಿಪ್ಪೆಯ ಲೋಳೆ ಅಂಶ ಹನಿಗಳು ಒಂದಾಗುವುದನ್ನು ತಡೆಯುತ್ತದೆ. ಮೂರನೆಯದರಲ್ಲಿ ಪುಡಿ ತಳಕ್ಕಿಳಿಯಿತು. "ಇದು ನಿಲಂಬನ ಅಲ್ಲೇನ್ರಿ?" ಎಂದು ಮಕ್ಕಳೇ ಕೇಳಿದರು. ನನ್ನ ಯೋಜನೆಯಲ್ಲಿಲ್ಲದ ಉದಾಹರಣೆ ಅವರ ಪಟ್ಟಿಯಿಂದಲೇ ಸಿಕ್ಕಿತು.

ಯಾವುದಕ್ಕೆ ಯಾವುದು?

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ನಾಲ್ಕು ತರಕಾರಿ ಹೆಸರಿಸಿ, 'ಯಾವುದಕ್ಕೆ ಏನು ಬೆರೆಸುತ್ತೀರಿ, ಏಕೆ?' ಎಂದು ಕೇಳಿದೆ. ಚರ್ಚೆಯ ನಂತರ ಒಪ್ಪಿಕೊಂಡದ್ದು ಇದು:

ಸವತೆಕಾಯಿ: ನೀರಿನಂಶ ಹೆಚ್ಚು. ಶೇಂಗಾ ಅಥವಾ ಗುರೆಳ್ಳು ಪುಡಿ ಒಸರುವ ನೀರನ್ನು ಹೀರುತ್ತದೆ. ಉಪ್ಪು ಬಡಿಸುವಾಗ.

ಹಸಿ ಮೆಂತ್ಯ ಸೊಪ್ಪು: ಎಲೆಯ ಮೇಲಿನ ಮೇಣದ ಪದರಕ್ಕೆ ನೀರು ಅಂಟದು, ಎಣ್ಣೆ ಹರಡುತ್ತದೆ. ಆದರೆ ಎಣ್ಣೆ ಎಲೆಯನ್ನು ಬೇಗ ಬಾಡಿಸುತ್ತದೆ. ನಿಂಬೆ ಹಾಕಿ ಬಹಳ ಹೊತ್ತು ಇಟ್ಟರೆ ಹಸಿರು ಬಣ್ಣ ಕಂದುತ್ತದೆ. ಆದ್ದರಿಂದ ಎರಡನ್ನೂ ಕೊನೆಗೆ ಹಾಕಬೇಕು.

ಉಳ್ಳಾಗಡ್ಡಿ: ಖಾರ ಹೆಚ್ಚು. ಮೊಸರು ಅದನ್ನು ತಗ್ಗಿಸುತ್ತದೆ.

ಗಜ್ಜರಿ: ಗಟ್ಟಿ ತರಕಾರಿ. ತುರಿದು ನಿಂಬೆರಸ, ಒಗ್ಗರಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ರುಚಿ ಹಿಡಿಯುತ್ತದೆ. ನೆನೆದ ಹೆಸರುಬೇಳೆಯ ಕೋಸಂಬರಿಗೂ ಇದೇ ಕ್ರಮ. ಉಪ್ಪು ಮಾತ್ರ ಬಡಿಸುವಾಗ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಚಟುವಟಿಕೆ 1ನ್ನು ಅವಧಿಯ ಆರಂಭದಲ್ಲೇ ಇಡಿ. ನೀರು ಬಿಡುವಷ್ಟರಲ್ಲಿ ಬಾಟಲಿಗಳ ಕೆಲಸ ಮುಗಿಯುತ್ತದೆ. ಶೇಂಗಾ ಅಥವಾ ಸಾಸಿವೆ ಒಗ್ಗದ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ತಿನ್ನುವ ತಟ್ಟೆಯನ್ನು ಪ್ರಯೋಗಶಾಲೆಯ ಪಾತ್ರೆಗಳಿಂದ ದೂರವಿಡಿ.

ಪೂರ್ವಜ್ಞಾನದ ಅಂಕಣವನ್ನು ನಾನು ಈಗ ಕಾಲೇಜಿನಲ್ಲಿ ಕುಳಿತು ತುಂಬುವುದಿಲ್ಲ. ಆ ಸಾಲನ್ನು ಖಾಲಿ ಬಿಟ್ಟು ತರಗತಿಗೆ ಹೋಗುತ್ತೇನೆ. ಮಕ್ಕಳು ಹೇಳಿದ ಮೇಲೆ ಬರೆಯುತ್ತೇನೆ. ಎರಡನೆಯ ಪಾಠದ ಕೊನೆಗೆ ಆ ಹುಡುಗಿ ತಾನಾಗಿ ಕೈ ಎತ್ತಿ, "ಉಪ್ಪಿನಕಾಯಿಗೆ ಮೊದ್ಲ ಉಪ್ಪು ಹಾಕಿ ಇಡ್ತಾರಲ್ರಿ ಮೇಡಂ, ಅದೂ ಇದಾ ಏನ್ರಿ?" ಎಂದು ಕೇಳಿದಳು. ಹೌದು ಎಂದೆ. ಮುಂದಿನ ಪಾಠಕ್ಕೆ ಅದೇ ಪೀಠಿಕೆಯಾಯಿತು.