ಸ್ತರೀಕೃತ ದಹನ: ಹೋಂಡಾ ಸಿವಿಸಿಸಿ ಎಂಜಿನ್

ಪೆಟ್ರೋಲ್ ಪೂರ್ಣವಾಗಿ ಉರಿಯಲು 1 ಭಾಗ ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಇದಕ್ಕಿಂತ ತುಂಬಾ ಹೆಚ್ಚಾದರೆ ಕಿಡಿ ಹಾರಿದರೂ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಸ್ತರೀಕೃತ ದಹನದಲ್ಲಿ ಸ್ಪಾರ್ಕ್ ಪ್ಲಗ್ ಬಳಿ ಮಾತ್ರ ಇಂಧನ ಸಮೃದ್ಧ ಮಿಶ್ರಣವಿದ್ದು, ಉಳಿದೆಡೆ ತೆಳುವಾಗಿರುತ್ತದೆ. ಒಲೆ ಹಚ್ಚುವಾಗ ಮೊದಲು ತೆಂಗಿನ ಗರಿಗೆ ಬೆಂಕಿ ತಗುಲಿಸಿ, ಅದರಿಂದ ಸೌದೆ ಹೊತ್ತಿಸುವ ಕ್ರಮವೇ ಇಲ್ಲೂ.

ಹೋಂಡಾ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿವಿಸಿಸಿ ಎಂಜಿನ್ ಇದರ ಶ್ರೇಷ್ಠ ಉದಾಹರಣೆ. ಪ್ರತಿ ಸಿಲಿಂಡರ್‌ಗೂ ಒಂದು ಪುಟ್ಟ ಪೂರ್ವಕೋಷ್ಠ. ಅದಕ್ಕೆ ಸಮೃದ್ಧ ಮಿಶ್ರಣ ಬಿಡಲು ಮೂರನೆಯ ಕವಾಟ. ಅಲ್ಲಿಂದ ಹೊಮ್ಮಿದ ಜ್ವಾಲೆ ಮುಖ್ಯಕೋಷ್ಠದ ತೆಳು ಮಿಶ್ರಣವನ್ನು ನಿಧಾನವಾಗಿ ಉರಿಸುತ್ತದೆ. ಆಮ್ಲಜನಕ ಹೆಚ್ಚಿರುವುದರಿಂದ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಕಡಿಮೆ. ಗರಿಷ್ಠ ತಾಪ ಇಳಿಯುವುದರಿಂದ ನೈಟ್ರೋಜನ್ ಆಕ್ಸೈಡ್‌ಗಳೂ ಕಡಿಮೆ. ಅಮೆರಿಕದ 1970ರ ಶುದ್ಧ ಗಾಳಿ ಕಾಯಿದೆಯ ಕಟ್ಟುನಿಟ್ಟಿನ ಮಿತಿಗಳನ್ನು ವೇಗವರ್ಧಕ ಪರಿವರ್ತಕವಿಲ್ಲದೆಯೇ ಇದು ಮುಟ್ಟಿತು. ಆ ಮಿತಿಗಳನ್ನು ಮುಟ್ಟುವುದು ಅಸಾಧ್ಯವೆಂಬ ವಾದ ಜೋರಾಗಿದ್ದ ಕಾಲದಲ್ಲಿ ಇದು ನಿಜಕ್ಕೂ ದೊಡ್ಡ ಸಾಧನೆ.

ಗಮನಿಸಿ: 1996ರ ಮಿತ್ಸುಬಿಷಿ ಜಿಡಿಐ ಎಂಜಿನ್‌ನಲ್ಲಿ ಪೂರ್ವಕೋಷ್ಠವಿಲ್ಲ, ಇಂಧನವನ್ನು ನೇರವಾಗಿ ಸಿಲಿಂಡರ್‌ಗೆ ಸಿಂಪಡಿಸಿ ಸ್ತರ ಉಂಟುಮಾಡಲಾಗುತ್ತದೆ. ಇಂಥ ತೆಳು ದಹನದ ಹೊಗೆಯಲ್ಲಿ ಆಮ್ಲಜನಕ ಉಳಿಯುವುದರಿಂದ ಸಾಮಾನ್ಯ ತ್ರಿಮುಖ ಪರಿವರ್ತಕವು ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲಾರದು.