ಚರ್ಮದ ಕಾಯಿಲೆ, ಮನಸ್ಸಿನ ಭಾರ

ಸೋರಿಯಾಸಿಸ್ ಇರುವವರು ವೈದ್ಯರಿಗೆ ಮೊಣಕೈ ತೋರಿಸುತ್ತಾರೆ, ತಲೆಯ ಪೊರೆ ತೋರಿಸುತ್ತಾರೆ. ರಾತ್ರಿ ನಿದ್ದೆಯಿಲ್ಲ, ಯಾರ ಮನೆಗೂ ಹೋಗಲು ಮನಸ್ಸಿಲ್ಲ ಎಂಬುದನ್ನು ಹೇಳುವುದಿಲ್ಲ. ಕೇಳುವ ವೈದ್ಯರೂ ಕಡಿಮೆ. ಆದರೆ ಸೋರಿಯಾಸಿಸ್, ಇಸಬು ಮುಂತಾದ ದೀರ್ಘಕಾಲದ ಚರ್ಮರೋಗ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಇತರರಿಗಿಂತ ಹೆಚ್ಚು.

ಸೋರಿಯಾಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಅಗತ್ಯವಿಲ್ಲದೆ ಕೆರಳುತ್ತದೆ. ಸುಮಾರು ಒಂದು ತಿಂಗಳಲ್ಲಿ ಬೆಳೆದು ಉದುರಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಪೊರೆಯಾಗುತ್ತವೆ. ಇದು ಅಂಟುರೋಗವಲ್ಲ. ಕೈಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಹರಡುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಈ ರೋಗದ ಬಗ್ಗೆ ನಿರ್ಣಯ ಅಂಗೀಕರಿಸಿದಾಗ, ರೋಗಿಗಳಿಗೆ ಅಂಟುವ ಕಳಂಕವನ್ನು ಹೋಗಲಾಡಿಸಬೇಕೆಂಬ ಮಾತೂ ಅದರಲ್ಲಿತ್ತು. ಆದರೂ ಮಸೀದಿಯ ಹೌಝ್ ಬಳಿ ತೋಳು ಮಡಚಲು ಹಿಂಜರಿದು ಮನೆಯಲ್ಲೇ ನಮಾಝ್ ಮಾಡುವವರಿದ್ದಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆಯ ಮಾತುಕತೆ ಮುರಿದೀತೆಂದು ಮನೆಯವರೇ ಕಾಯಿಲೆಯನ್ನು ಮುಚ್ಚಿಡುತ್ತಾರೆ, ಚಿಕಿತ್ಸೆಯೂ ಮುಂದೆ ಹೋಗುತ್ತದೆ.

ಮನಸ್ಸು ಕುಗ್ಗಲು ಜನರ ನೋಟವೊಂದೇ ಕಾರಣವಲ್ಲ. ತುರಿಕೆ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟರೆ ಆತಂಕ ಏರುತ್ತದೆ, ಆತಂಕ ಏರಿದರೆ ಕಾಯಿಲೆ ಮತ್ತೆ ಕೆರಳುತ್ತದೆ. ಚರ್ಮದಲ್ಲಿ ಉರಿಯೂತ ಉಂಟುಮಾಡುವ ರಾಸಾಯನಿಕಗಳು ಮೆದುಳಿನ ಮೇಲೂ ಪ್ರಭಾವ ಬೀರುತ್ತವೆಂದು ಸಂಶೋಧಕರು ಭಾವಿಸುತ್ತಾರೆ. ದೇಹ ಮತ್ತು ಮನಸ್ಸು ಒಂದನ್ನೊಂದು ಕಾಡುತ್ತವೆ ಎಂಬ ಅರಿವು ನಮ್ಮವರಿಗೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು.

ಎರಡು ವಾರಗಳಿಂದ ಹೆಚ್ಚಿನ ದಿನಗಳಲ್ಲಿ ಬೇಸರ, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಇಲ್ಲದಿರುವುದು, ಕಾರಣವಿಲ್ಲದೆ ಎದೆ ಡವಗುಟ್ಟುವುದು, ಊಟ ನಿದ್ದೆ ಏರುಪೇರಾಗುವುದು ಕಂಡರೆ ವೈದ್ಯರಿಗೆ ಹೇಳಲೇಬೇಕು. ಇದನ್ನು ಈಮಾನಿನ ಕೊರತೆ ಎಂದು ಹಂಗಿಸುವವರಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲ! ದುಆ, ನಮಾಝ್ ಮನಸ್ಸಿಗೆ ನೆಮ್ಮದಿ ಕೊಡುತ್ತವೆ, ನಿಜ. ಆದರೆ ಚಿಕಿತ್ಸೆ ಪಡೆಯುವಂತೆ ಹೇಳಿದವರೂ ಪ್ರವಾದಿ(ಸ)ಯವರೇ. ಬದುಕಿ ಏನು ಪ್ರಯೋಜನ ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಗದರಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಚರ್ಮ ತಜ್ಞರು ಮತ್ತು ಮನೋವೈದ್ಯರು ಇಬ್ಬರಿಗೂ ನೀವು ಸೇವಿಸುವ ಎಲ್ಲ ಔಷಧಿಗಳು ತಿಳಿದಿರಬೇಕು. ಮನೋರೋಗಕ್ಕೆ ಕೊಡುವ ಲಿಥಿಯಂ, ಎದೆಬಡಿತ ತಗ್ಗಿಸಲು ಕೊಡುವ ಪ್ರೊಪ್ರನೊಲಾಲ್ ಕೆಲವರಲ್ಲಿ ಸೋರಿಯಾಸಿಸ್ ಹೆಚ್ಚಿಸುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ. ಖಿನ್ನತೆಯ ಮಾತ್ರೆಗಳ ಗುಣ ತಿಳಿಯಲು ಕೆಲವು ವಾರಗಳೇ ಬೇಕು, ನಾಲ್ಕು ದಿನ ನುಂಗಿ ಬಿಡುವವರಿದ್ದಾರೆ. ಬೇಗ ಗುಣವಾಗಲೆಂದು ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಮೊರೆ ಹೋದರೆ ಅಪಾಯ. ಅದನ್ನು ನಿಲ್ಲಿಸಿದಾಗ ಸೋರಿಯಾಸಿಸ್ ಮೈಯೆಲ್ಲ ಹಬ್ಬಬಹುದು. ಚರ್ಮಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕಿ ತುರಿಕೆ ತಗ್ಗಿದಾಗ ಹಲವರ ಮನಸ್ಸೂ ಹಗುರಾಗುತ್ತದೆ.

ದಿನಕ್ಕೆ ಐದು ಸಲ ವುಝೂ ಮಾಡುವವರು ತೀರಾ ಬಿಸಿನೀರು ಬಳಸಬಾರದು. ಉಜ್ಜದೆ ಮೆತ್ತಗೆ ಒರೆಸಿ, ಚರ್ಮ ಇನ್ನೂ ಒದ್ದೆಯಿರುವಾಗಲೇ ವೈದ್ಯರು ಹೇಳಿದ ಮುಲಾಮನ್ನೋ ವ್ಯಾಸಲೀನನ್ನೋ ಹಚ್ಚಬೇಕು. ಆದರೆ ವ್ಯಾಸಲೀನ್ ದಪ್ಪಗೆ ಉಳಿದಿದ್ದರೆ ಮುಂದಿನ ವುಝೂಗೆ ಮೊದಲು ಒರೆಸಿಕೊಳ್ಳಿ. ಚರ್ಮ ಬಿರಿದು ರಕ್ತ ಬರುತ್ತಿದ್ದು, ನೀರು ತಾಗಿದರೆ ಹೆಚ್ಚಾಗುತ್ತದೆಂದು ವೈದ್ಯರು ಹೇಳಿದ್ದರೆ ಶರೀಅತ್‌ನಲ್ಲಿ ರಿಯಾಯಿತಿಯಿದೆ. ಆ ಭಾಗಕ್ಕೆ ಮಸಹ್ ಮಾಡಬೇಕೇ, ತಯಮ್ಮುಮ್ ಮಾಡಬೇಕೇ ಎಂಬುದನ್ನು ನಿಮ್ಮ ಮಹಲ್ಲಿನ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.